ತೆಂಗಳಿಯಿಂದ ತಂದ ಧಾಟಿ

ಮಧ್ಯಾಹ್ನ ಮೂರು ಗಂಟೆಗೆ ನಾನು ಹೊಲಿಗೆ ಯಂತ್ರ ನಿಲ್ಲಿಸುತ್ತೇನೆ. ವಾಡಿಯ ನಮ್ಮ ಓಣಿಗೆ ಹೊಸದಾಗಿ ಬಂದವರು ಅದನ್ನು ನೋಡಿ ಚಹಾದ ಹೊತ್ತು ಅಂದುಕೊಳ್ಳುತ್ತಾರೆ. ಊರಾಚೆಯ ಸುಣ್ಣಕಲ್ಲಿನ ಗಣಿಯಲ್ಲಿ ಆ ಹೊತ್ತಿಗೆ ಮದ್ದು ಹಾರಿಸುತ್ತಾರೆ. ಮೊದಲು ಒಂದು ಸೈರನ್ ಆಗುತ್ತದೆ, ಎಲ್ಲರೂ ದೂರ ಸರಿಯಲಿ ಎಂದು. ನಮ್ಮ ಕಡೆ ಅದಕ್ಕೆ ಭೋಂಗಾ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಎರಡನೆಯ ಭೋಂಗಾ. ಆಮೇಲೆ ನೆಲ ಒಮ್ಮೆ ಅಲುಗುತ್ತದೆ, ಅಡುಗೆಮನೆಯ ಗೋಡೆಗೆ ಆನಿಸಿಟ್ಟ ತಾಟುಗಳು ಸಣ್ಣಗೆ ಸದ್ದು ಮಾಡುತ್ತವೆ. ಕೊನೆಗೆ ಮೂರನೆಯದು, ಉದ್ದನೆಯದು, ಎಲ್ಲಾ ಸುಸೂತ್ರವಾಯಿತು ಎಂದು ಹೇಳುವಂಥದ್ದು. ನನ್ನ ಗಂಡ ಅಲ್ಲಿ ಕಲ್ಲಿಗೆ ತೂತು ಕೊರೆದು ಮದ್ದು ತುಂಬುವ ತಂಡದಲ್ಲಿದ್ದಾರೆ. ಮದುವೆಯಾಗಿ ಹದಿನೆಂಟು ವರ್ಷವಾಯಿತು. ಮೂರನೆಯ ಭೋಂಗಾ ಕೇಳುವ ತನಕ ನಾನು ಒಂದು ದಿನವೂ ಸೂಜಿಗೆ ದಾರ ಪೋಣಿಸಿಲ್ಲ.

ನನ್ನದು ಪುಕ್ಕಲು ಜೀವ. ಆದರೆ ಅದು ಯಾರಿಗೂ ಕಾಣಬಾರದು. ಹಾಗಾಗಿ ಅಂಜಿಕೆ ಬಂದಾಗಲೆಲ್ಲ ಎದುರಿಗೆ ಸಿಕ್ಕವರನ್ನು ಬೈದುಬಿಡುತ್ತೇನೆ. ಓಣಿಯಲ್ಲಿ ನನಗೆ ಬಾಯಿಬಡುಕಿ ಎಂಬ ಹೆಸರು ಬಂದದ್ದು ಹೀಗೆ.

ಇಂಥ ನನ್ನನ್ನು ಹಾಡು ಕಟ್ಟುವ ಕೂಟಕ್ಕೆ ಎಳೆದುಕೊಂಡು ಹೋದವಳು ಬಾಜೂ ಮನೆಯ ಆಪಾ. ಅವಳು ಬಳೆ ಮಾರುವವಳು, ಮನೆಮನೆ ತಿರುಗುವುದರಿಂದ ಊರಿನ ಸುದ್ದಿಯೆಲ್ಲ ಅವಳಿಗೇ ಮೊದಲು. ಯಾವುದೋ ಸಂಸ್ಥೆಯವರು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಐದು ಊರುಗಳಲ್ಲಿ ಸಾದಾ ಜನರಿಂದ ಹಾಡು ಕಟ್ಟಿಸುತ್ತಾರಂತೆ, ಪ್ರತಿ ಭಾನುವಾರ ಕೂಡಬೇಕಂತೆ, ಮೂರು ತಿಂಗಳಾದ ಮೇಲೆ ಐದೂ ಊರಿನವರು ಚಿತ್ತಾಪುರದಲ್ಲಿ ಕೂಡಿ ಹಾಡಬೇಕಂತೆ.

"ನನಗ ಹಾಡಾಕ ಬರಂಗಿಲ್ಲ ಆಪಾ," ಎಂದೆ.

"ಬೈಯಾಕ ಬರ್ತದಲ್ಲ. ಅದನ್ನೇ ಸ್ವಲ್ಪ ಎಳೆದು ಎಳೆದು ಅಂದ್ರ ಹಾಡೇ ಆಯ್ತು. ನಡಿ," ಎಂದಳು.

ಕೂಟ ನಡೆಯುತ್ತಿದ್ದದ್ದು ರೈಲ್ವೆ ಗೇಟಿನ ಹತ್ತಿರದ ಒಂದು ಹಳೆಯ ವಾಚನಾಲಯದಲ್ಲಿ. ಹನ್ನೆರಡು ಮಂದಿ ಇದ್ದೆವು, ಬಹಳಷ್ಟು ಹೆಂಗಸರೇ. ಮಾಸ್ತರು ಕಲಬುರಗಿಯಿಂದ ರೈಲಿನಲ್ಲಿ ಹಾರ್ಮೋನಿಯಂ ಹೊತ್ತುಕೊಂಡು ಬರುತ್ತಿದ್ದರು. ಅವರು ಹಾಡು ಹೇಳಿಕೊಡುತ್ತಾರೆಂದು ನಾವು ನೋಟ್‌ಬುಕ್ಕು ತೆರೆದುಕೊಂಡು ಕುಳಿತರೆ, ಅವರು ಕೈಕಟ್ಟಿಕೊಂಡು ಕುಳಿತರು.

"ನಾ ಏನೂ ಕೊಡಂಗಿಲ್ರಿ," ಎಂದರು. "ಧಾಟಿ ನಿಮ್ಮ ಮನಿಯಿಂದ ನೀವೇ ತರ್ರಿ. ಸಣ್ಣವರಿದ್ದಾಗ ಕೇಳಿದ್ದು, ಮಾತು ಮರ್ತು ಧಾಟಿ ಅಷ್ಟೇ ಉಳಿದದ್ದು ಇದ್ದರ ಭಾಳ ಛಲೋ. ಅದರಾಗ ನಿಮ್ಮ ಇವತ್ತಿನ ಮಾತು ತುಂಬ್ರಿ."

ಆಪಾ ಮದುವೆಯಲ್ಲಿ ಅರಿಶಿನ ಹಚ್ಚುವಾಗಿನ ಧಾಟಿ ತಂದು, ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರಿನ ಮೇಲೆ ಹಾಡು ಕಟ್ಟಿದಳು. ನೀರು ಮದುಮಗನಂತೆ ತಡಮಾಡಿ ಬರುವುದನ್ನು ಕೇಳಿ ವಾಚನಾಲಯವೆಲ್ಲ ನಕ್ಕಿತು. ನನಗೆ ಮೂರು ಭಾನುವಾರ ಏನೂ ಹೊಳೆಯಲಿಲ್ಲ. ನಾಲ್ಕನೆಯ ವಾರ ಮನೆಯಲ್ಲಿ ಒಂದು ಬ್ಲೌಸಿಗೆ ತೋಳು ಹಚ್ಚುತ್ತಿದ್ದೆ. ಯಂತ್ರದ ಪೆಡಲು ತುಳಿಯುತ್ತಿದ್ದ ಲಯಕ್ಕೆ ನನ್ನ ಗಂಟಲಿನಿಂದ ಒಂದು ಧಾಟಿ ತಾನಾಗಿ ಹೊರಟಿತು. ಮೇಲೇರಿ, ನಿಂತು, ಉಸಿರು ಬಿಟ್ಟ ಹಾಗೆ ಕೆಳಗಿಳಿಯುವ ಧಾಟಿ. ಅದು ನನ್ನ ಆಯಿಯದು ಎಂದು ಕೂಡಲೇ ಗೊತ್ತಾಯಿತು.

ತಾಯಿಯ ತಾಯಿಗೆ ನಾನು ಆಯಿ ಎನ್ನುತ್ತಿದ್ದೆ. ಏಳು ವರ್ಷದ ತನಕ ತೆಂಗಳಿಯಲ್ಲಿ ಅವಳ ಹತ್ತಿರವೇ ಬೆಳೆದೆ. ಅವಳ ಮಡಿಲು, ಅವಳು ಮೂಗಿಗೇರಿಸುವ ತಪಕೀರಿನ ವಾಸನೆ, ಆ ಧಾಟಿ, ಇಷ್ಟು ನೆನಪಿತ್ತು. ಮಾತು ಒಂದೂ ನೆನಪಿರಲಿಲ್ಲ. ಮಾಸ್ತರು ಕೇಳಿದ್ದು ಅಂಥದ್ದನ್ನೇ ಅಲ್ಲವೆ? ಕತ್ತರಿ ಕೆಳಗಿಟ್ಟು, ಅಳತೆ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯತೊಡಗಿದೆ. ಏನು ಬರೆಯಲಿ ಎಂದು ಯೋಚಿಸಬೇಕಾಗಲಿಲ್ಲ. ದಿನವೂ ಬಾಗಿಲಲ್ಲಿ ನಿಂತು ನಾನು ಮನಸ್ಸಿನಲ್ಲಿ ಅನ್ನುವುದನ್ನೇ ಬರೆದೆ.

ಹೊತ್ತು ಮುಳುಗತದ, ಬಾರೋ ನನ ರಾಯಾ,
ಬಡದಿಟ್ಟ ರೊಟ್ಟಿ ಆರ್ಯಾವ, ಬಾ.
ಕಾಲಾಗಿನ ಧೂಳ ತೊಳಕೊಂಡು ಒಳಗ ಬಾ,
ನೀ ಉಣ್ಣದ ನಾನು ಉಂಡಿಲ್ಲ, ಬಾ.

ಅರ್ಧ ತಾಸಿನಲ್ಲಿ ಐದು ನುಡಿ ಬಂದುಬಿಟ್ಟವು. ಭಾನುವಾರ ಹಾಡಿದಾಗ ಮಾಸ್ತರು ಹಾರ್ಮೋನಿಯಂ ಮೇಲಿನ ಕೈ ಎತ್ತಿ ಸುಮ್ಮನೆ ಕೇಳಿದರು. ಚಿತ್ತಾಪುರದಲ್ಲಿ ವಾಡಿಯ ಪಾಳಿ ಈ ಹಾಡಿನಿಂದಲೇ ಶುರುವಾಗಲಿ ಎಂದರು. ತಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೂಟದ ವಾಟ್ಸಾಪ್ ಗುಂಪಿಗೆ ಹಾಕಿದರು. ಎಂಟು ದಿನದಲ್ಲಿ ಓಣಿಯೆಲ್ಲ ಹಬ್ಬಿತು. ಆಪಾ ಅದನ್ನು ತನ್ನ ಫೋನಿನ ರಿಂಗ್‌ಟೋನ್ ಮಾಡಿಕೊಂಡಳು. ನನ್ನ ಗಂಡ ಒಂದು ಸಂಜೆ ಕಾಲು ತೊಳೆಯುತ್ತ, "ಊಟದ ಸುಟ್ಟಿಯೊಳಗ ನಮ್ಮ ಶೆಡ್ಡಿನ್ಯಾಗ ದಿನಾ ನಿಂದೇ ಹಾಡು ಹಚ್ಚಲಿಕತ್ತಾರ," ಎಂದರು. ನನಗೆ ಆದ ಹೆಮ್ಮೆ ಅಷ್ಟಿಷ್ಟಲ್ಲ. ಆ ವಾರ ಎರಡು ಬ್ಲೌಸುಗಳ ಕೊರಳನ್ನು ಉಲ್ಟಾ ಹೊಲಿದೆ.

ಚಿತ್ತಾಪುರದ ಕಾರ್ಯಕ್ರಮಕ್ಕೆ ಮೂರು ವಾರ ಉಳಿದಿತ್ತು. ಆ ಭಾನುವಾರ ಕೂಟದ ಒಬ್ಬಳು ತನ್ನ ತಾಯಿಯನ್ನು ಕರೆದುಕೊಂಡು ಬಂದಿದ್ದಳು. ಆ ಮುದುಕಿಯ ಊರು ದಂಡೋತಿ. ಕಣ್ಣಿನ ಆಪರೇಷನ್ನಿಗೆಂದು ಮಗಳ ಮನೆಗೆ ಬಂದು, ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲ ಹತ್ತಿರ ಗೋಡೆಗೊರಗಿ ಕುಳಿತಿದ್ದಳು. ನಾನು ಮೊದಲ ನುಡಿ ಮುಗಿಸುವುದರೊಳಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಎರಡನೆಯ ನುಡಿಗೆ ಎದ್ದು ನಿಂತಳು.

"ತಂಗೀ, ಈ ಧಾಟಿ ನಿನಗ ಯಾರು ಕೊಟ್ಟಾರ?"

"ನಮ್ಮ ಆಯಿ, ಅಮ್ಮಾ. ತೆಂಗಳಿಯಾಕಿ."

"ನಿನ್ನ ಗಂಡ ಇದ್ದಾನಲ್ಲ?"

ಇದೆಂಥ ಪ್ರಶ್ನೆ ಎಂದು ನನಗೆ ಸಿಟ್ಟು ಬಂತು. "ಇದ್ದಾರ. ಯಾಕ?"

"ಮತ್ತ ಹೆಣದ ಮುಂದ ಹಾಡೂದು ಅಂವಗ ಯಾಕ ಹಾಡ್ಲಿಕತ್ತೀ?" ಎಂದಳು.

ಮಾಸ್ತರು ಏನೋ ಹೇಳಲು ಬಾಯಿ ತೆರೆದರು. ಮುದುಕಿ ಕೈ ಅಡ್ಡ ಮಾಡಿ, ದನಿ ಬಹಳ ಸಣ್ಣದು ಮಾಡಿಕೊಂಡು, ಹಾಡನ್ನು ಒಂದೇ ಒಂದು ಸಲ ತೋರಿಸಿದಳು. ಹೊತ್ತು ಮುಳುಗಿತೋ, ಏಳೋ ನನ ರಾಯಾ, ಬಡದಿಟ್ಟ ರೊಟ್ಟಿ ಆರ್ಯಾವ, ಬಾ. ಅಷ್ಟಕ್ಕೇ ನಿಲ್ಲಿಸಿ ಎರಡೂ ಕೆನ್ನೆ ಮುಟ್ಟಿಕೊಂಡಳು. ನಾನು ಕಟ್ಟಿದೆ ಎಂದು ಹೆಮ್ಮೆಪಟ್ಟ ಮಾತೂ ನನ್ನದಾಗಿರಲಿಲ್ಲ. ಮರೆತೆ ಅಂದುಕೊಂಡದ್ದು ಎದೆಯೊಳಗೆ ಹಾಗೆಯೇ ಕುಳಿತಿತ್ತು.

ಮನೆಗೆ ಬಂದು ಕುಳಿತಾಗ ತೆಂಗಳಿ ಒಂದೊಂದೇ ಬಿಚ್ಚಿಕೊಂಡಿತು. ಆಯಿ ಸೆರಗು ಸರಿಮಾಡಿಕೊಂಡು, ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಯಾರದೋ ಮನೆಗೆ ಹೋಗುತ್ತಿದ್ದಳು. ಕರೆಯಲು ಜನ ಬರುತ್ತಿದ್ದರು. ಅಲ್ಲಿ ಅಂಗಳದ ತುಂಬ ಜನ. ಪಡಸಾಲೆಯಲ್ಲಿ ಒಬ್ಬರನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಬಳಿದು, ಕೊರಳ ತುಂಬ ಹೂವಿನ ಹಾರ ಹಾಕಿರುತ್ತಿದ್ದರು. ಆಯಿ ಅವರ ಎದುರಿಗೇ ಕುಳಿತು ಹಾಡುತ್ತಿದ್ದಳು. ನೆರೆಮನೆಯವರು ನನ್ನನ್ನು ಕರೆದು ಸಕ್ಕರೆ ಜಾಸ್ತಿ ಹಾಕಿದ ಚಹಾ ಕೊಡುತ್ತಿದ್ದರು. ಹಾರ ಹಾಕಿಕೊಂಡು ಕುಳಿತವರೆಲ್ಲ ಮದುಮಕ್ಕಳು ಎಂದೇ ನಾನು ತಿಳಿದಿದ್ದೆ. ಇಷ್ಟು ವಯಸ್ಸಾದ ಮದುಮಗ ಯಾಕೆ ನಗುವುದಿಲ್ಲ ಎಂದು ಒಮ್ಮೆ ಕೇಳಿದ್ದೆನಂತೆ. ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ನನ್ನ ಆಯಿಯದು ದೊಡ್ಡ ಹೆಸರು ಎಂದು ಊರಿಗೆಲ್ಲ ಗೊತ್ತಿತ್ತು, ಅವಳ ಮಡಿಲಲ್ಲೇ ಮಲಗುತ್ತಿದ್ದ ನನಗೆ ಗೊತ್ತಿರಲಿಲ್ಲ.

ಆರು ವಾರದಿಂದ ನಾನು ಬದುಕಿರುವ ಗಂಡನ ಮೇಲೆ ಹೆಣದ ಹಾಡು ಹಾಡಿದ್ದೆ. ಒಂದೆರಡು ಸಲ ಹಾಡಿದ್ದರೆ ಹೋಗಲಿ ಎನ್ನಬಹುದಿತ್ತು. ಅದು ಮದ್ದು ತುಂಬುವ ಜಾಗದ ಮಗ್ಗುಲಲ್ಲೇ, ಶೆಡ್ಡಿನಲ್ಲಿ, ದಿನಾ ಊಟದ ಹೊತ್ತಿಗೆ ಅವರ ಕಿವಿಗೇ ಬೀಳುತ್ತಿತ್ತು. ಅದಾದ ಕೂಡಲೇ ಅವರು ಹೋಗಿ ಮದ್ದಿಗೆ ಕೈ ಹಾಕುತ್ತಿದ್ದರು. ಆಪಾಳ ಮನೆಯಲ್ಲಿ ಫೋನು ಬಂದಾಗಲೆಲ್ಲ ಗೋಡೆಯಾಚೆಯಿಂದ ನನ್ನದೇ ದನಿ ಬಾ ಬಾ ಎಂದು ಕರೆಯುತ್ತಿತ್ತು.

"ತೆಗಿ ಆಪಾ ಅದನ್ನ," ಎಂದು ಕೈಮುಗಿದೆ.

ಅವಳು ಕಾರಣ ಕೇಳಿ, ಬಳೆಯ ಪೆಟ್ಟಿಗೆ ಅಲ್ಲೇ ಬಿಟ್ಟು, ಕೂಡಲೇ ತೆಗೆದಳು. "ನನ್ನ ಫೋನಿಂದ ತೆಗೀತೀನಿ. ಉಳಿದವರಿಂದ ಹ್ಯಾಂಗ ತೆಗೀತಿ? ಶಹಾಬಾದಿನ ನಮ್ಮ ನಾದಿನಿ ಹತ್ರನೂ ಹೋಗ್ಯಾದ," ಎಂದಳು. ಮರುದಿನ ಇಬ್ಬರೂ ದರ್ಗಾಕ್ಕೆ ಹೋಗಿ ದಾರ ಕಟ್ಟಿದೆವು. ಬರುವಾಗ ನಾನು ಹನುಮಂತನಿಗೆ ಕಾಯಿ ಒಡೆಸಿದೆ, ತನಗೆ ಹೇಳಲಿಲ್ಲವೆಂದು ಒಬ್ಬರು ಮುನಿಸಿಕೊಂಡರೆ ಅದೊಂದು ಬೇರೆ ತಾಪತ್ರಯ.

ಮಾಸ್ತರಿಗೆ ಫೋನ್ ಮಾಡಿ ನನ್ನ ಹಾಡು ಬೇಡ ಎಂದೆ. ಓದಿದವರು, ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. "ಧಾಟಿ ತರ್ರಿ ಅಂತ ನಾನೇ ಹೇಳೀನಿ. ಎಲ್ಲಿಂದು ಅಂತ ಕೇಳಬೇಕಾಗಿತ್ತು. ನನ್ನ ತಪ್ಪದರಿ," ಎಂದರು. ಅವರ ದನಿಯಲ್ಲೂ ಅಂಜಿಕೆ ಇತ್ತು. ಅದನ್ನು ಕೇಳಿ ನನ್ನದು ಇನ್ನಷ್ಟು ಹೆಚ್ಚಾಯಿತು.

ಗಂಡನಿಗೆ ಮಾತ್ರ ಹೇಳಲಿಲ್ಲ. ತಲೆಯಲ್ಲಿ ಇಂಥ ಮಾತು ಇಟ್ಟುಕೊಂಡು ಮದ್ದು ತುಂಬಲು ಹೋದವನ ಕೈ ನಡುಗಿದರೆ? ಹೇಳದೆ ಇರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿರಲಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟುವಾಗ ಅವರ ಮುಖ ನೋಡುತ್ತಿದ್ದೆ. ಕತ್ತಿನ ಹಿಂದೆ ನೆರೆತ ಕೂದಲು, ಎಡಗೈಯ ಕಿರುಬೆರಳ ಸೊಟ್ಟ ಉಗುರು, ಇವನ್ನೆಲ್ಲ ಕಣ್ಣಲ್ಲಿ ತುಂಬಿಕೊಳ್ಳುತ್ತಿದ್ದೆ. ಹಾಗೆ ತುಂಬಿಕೊಳ್ಳುವುದೂ ಅಪಶಕುನವೇನೋ ಎಂದು ಮತ್ತೆ ಮುಖ ತಿರುಗಿಸುತ್ತಿದ್ದೆ.

"ಏನಾಗ್ಯಾದ ನಿನಗ? ಎಂಟು ದಿನ ಆಯ್ತು, ನೀ ನನಗ ಬೈದಿಲ್ಲ," ಎಂದರು ಒಂದು ಬೆಳಿಗ್ಗೆ.

"ತಲಿ ನೋಯ್ಲಿಕತ್ತದ," ಎಂದೆ.

ಅದು ಗುರುವಾರ. ಮೂರು ಗಂಟೆಗೆ ಮೊದಲ ಭೋಂಗಾ ಆಯಿತು, ಎರಡನೆಯದೂ ಆಯಿತು. ನೆಲ ಅಲುಗಿತು. ಎಂದಿಗಿಂತ ಜೋರಾಗಿ ಅಲುಗಿತೆಂದು ನನಗೆ ಅನ್ನಿಸಿತು. ಒಂದು ತಾಟು ಜಾರಿ ಕೆಳಗೆ ಬಿತ್ತು. ನಾನು ಮೂರನೆಯದಕ್ಕೆ ಕಿವಿಗೊಟ್ಟು ಕುಳಿತೆ. ಅದು ಬರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಆಪಾ ಬಾಗಿಲಿಗೆ ಬಂದು ನಿಂತಳು. ಅವರಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮದ್ದಿನ ಹತ್ತಿರ ಮೊಬೈಲ್ ಒಯ್ಯುವಂತಿಲ್ಲ, ಶೆಡ್ಡಿನಲ್ಲೇ ಇಟ್ಟಿರುತ್ತಾರೆ ಎಂದು ಹದಿನೆಂಟು ವರ್ಷದಿಂದ ನನಗೆ ಗೊತ್ತು. ಆದರೂ ಏಳು ಸಲ ಮಾಡಿದೆ.

ಆಮೇಲೆ ಓಡಿದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕೈಯಲ್ಲಿ ಯಾರದೋ ಅರ್ಧ ಹೊಲಿದ ಬ್ಲೌಸ್ ಇತ್ತು. ಗಣಿಯ ಕಡೆ ಬಿಳಿ ಧೂಳು ಇನ್ನೂ ನೆಲಕ್ಕೆ ಇಳಿದಿರಲಿಲ್ಲ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಆ ಧಾಟಿಯೇ ನಡೆಯುತ್ತಿತ್ತು, ಎಷ್ಟು ಒತ್ತಿ ಹಿಡಿದರೂ ನಿಲ್ಲಲೊಲ್ಲದು. ನನ್ನ ನಾಲಿಗೆಯನ್ನು ಕಡಿದುಕೊಳ್ಳಬೇಕು ಅನ್ನಿಸಿತು.

ಗೇಟಿನ ಕಾವಲುಗಾರ ನನ್ನ ಅವತಾರ ನೋಡಿ ಎದ್ದು ನಿಂತ. "ಏನೂ ಆಗಿಲ್ರಿ ಅಕ್ಕಾ. ಕರೆಂಟ್ ಹೋಗ್ಯಾದ. ಭೋಂಗಾ ಹೊಡಿಲಿಲ್ಲ, ಅಷ್ಟೇ," ಎಂದ. ನಾನು ನಂಬಲಿಲ್ಲ. ಇಂಥ ಹೊತ್ತಿನಲ್ಲಿ ಹೆಂಗಸರಿಗೆ ಇಂಥದ್ದೇ ಹೇಳಿ ಕೂಡಿಸುತ್ತಾರೆ. ಬೇವಿನ ಗಿಡದ ಕೆಳಗೆ ಕುಳಿತೆ. ಅವರು ಐದು ಗಂಟೆಗೆ ಮೋಟರ್‌ಸೈಕಲ್ ಮೇಲೆ ಹುಬ್ಬು ಮೀಸೆಗೆಲ್ಲ ಬಿಳಿ ಧೂಳು ಮೆತ್ತಿಕೊಂಡು ಬಂದರು. ಆ ಎರಡು ತಾಸಿನಲ್ಲಿ ನಾನು ವಿಧವೆಯಾಗಿಬಿಟ್ಟಿದ್ದೆ.

ಅವರನ್ನು ನೋಡಿದ್ದೇ ತಡ, ಗೇಟಿನ ಮುಂದೆಯೇ ಬೈಯಲು ಶುರುಮಾಡಿದೆ. ಫೋನ್ ಎತ್ತಲಿಲ್ಲವೆಂದು, ಈ ಹಾಳು ಕೆಲಸ ಹಿಡಿದರೆಂದು, ನನ್ನನ್ನು ಮದುವೆಯಾದರೆಂದು ಬೈದೆ. ಬೈಯುತ್ತ ಬೈಯುತ್ತ ಅಳು ಬಂತು. ಅಳುತ್ತಲೇ ಎಲ್ಲವನ್ನೂ ಹೇಳಿದೆ. ಆಯಿ, ದಂಡೋತಿಯ ಮುದುಕಿ, ಹಾಡು, ಒಂದನ್ನೂ ಬಿಡಲಿಲ್ಲ. ಅವರು ಗಾಡಿ ನಿಲ್ಲಿಸಿ ಬೇವಿನ ಕೆಳಗೆ ನನ್ನ ಮಗ್ಗುಲಲ್ಲಿ ಕುಳಿತರು.

"ನನಗ ಮೊದಲೇ ಗೊತ್ತಿತ್ತು," ಎಂದರು.

ನನಗೆ ಅರ್ಥವಾಗಲಿಲ್ಲ.

"ಮಳಖೇಡದಾಗ ನಮ್ಮಪ್ಪ ಸತ್ತಾಗ ನಮ್ಮವ್ವ ಇದೇ ಹಾಡ್ಯಾಳ. ನಾ ಆವಾಗ ಹತ್ತು ವರ್ಷದಾಂವ. ನೀ ಮೊದಲನೇ ದಿನ ಮಷೀನಿನ ಮುಂದ ಹಾಡಿದಾಗೇ ಗುರ್ತು ಹತ್ತಿತ್ತು."

"ಮತ್ತ ಯಾಕ ಹೇಳ್ಲಿಲ್ರಿ?"

ಅವರು ಮೀಸೆಯ ಧೂಳು ಒರೆಸಿಕೊಂಡರು. "ನಮ್ಮವ್ವ ಅಪ್ಪನ ಸಂಗಟ ಒಂದಿನಾ ಛಂದಾಗಿ ಮಾತಾಡಿದ್ದು ನಾ ನೋಡಿಲ್ಲ. ಬರೇ ಜಗಳ. ಅಂವ ಸತ್ತ ಮ್ಯಾಲ ಎದುರಿಗಿ ಕುಂತು ನೀ ಉಣ್ಣದ ನಾ ಉಂಡಿಲ್ಲ ಅಂತ ಅಷ್ಟೂ ಹಾಡಿದಳು. ಅಂವಗ ಏನು ಕೇಳಿಸ್ತು? ನನಗ ಜೀವ ಇದ್ದಾಗೇ ಕೇಳ್ಸ್ಲಿಕತ್ತದ. ಬ್ಯಾಡ ಅಂತ ಹ್ಯಾಂಗ ಅನ್ನಲಿ?"

"ನಿಮಗ ಅಂಜಿಕಿ ಆಗ್ಲಿಲ್ಲ?"

"ಅಂಜಿಕಿ ದಿನಾ ಆಗ್ತದ," ಎಂದರು. "ಮದ್ದು ತುಂಬೂ ಮುಂದ ಕೈಯಾಗ ಬೆವರು ಬರ್ತದ, ಅಂಗಿಗಿ ಒರಸ್ಕೋತೀನಿ. ನಿನ್ನ ಮುಂದ ಹೇಳಿದ್ರ ನೀ ಊಟಾ ಬಿಡ್ತಿ."

ಹದಿನೆಂಟು ವರ್ಷದಲ್ಲಿ ಅವರು ಇದನ್ನು ಹೇಳಿದ್ದು ಅದೇ ಮೊದಲು. ಅಂಜುವವಳು ನಾನೊಬ್ಬಳೇ, ಅವರದು ಕಲ್ಲು ಗುಂಡಿಗೆ ಎಂದು ಸಂಸಾರ ಮಾಡಿದ್ದೆ. ನನಗೆ ಸಮಾಧಾನವಾಗಲಿಲ್ಲ. ಇಬ್ಬರೂ ಅಂಜುವ ಮನೆಯಲ್ಲಿ ಧೈರ್ಯ ಹೇಳುವವರು ಯಾರು ಎಂದು ಹೊಸ ಭಯವೇ ಹುಟ್ಟಿತು. ಆದರೆ ಅವರ ಬೆವರಿದ ಅಂಗೈ ಹಿಡಿದುಕೊಂಡು ಕುಳಿತೆ, ಕಾವಲುಗಾರ ನೋಡುತ್ತಿದ್ದರೂ ಬಿಡಲಿಲ್ಲ.

"ಚಿತ್ತಾಪುರದಾಗ ಹಾಡು," ಎಂದರು ಏಳುವಾಗ. "ಎದುರಿಗಿ ಹೆಣ ಕೂಡಿಸಿ ಹಾಡೂ ಹಾಡು ಅಲ್ಲೇನು ಅದು? ನಾ ಎದುರಿಗಿ ಕುಂದರ್ತೀನಿ. ಕಣ್ಣು ಬಿಟ್ಗೊಂಡು."

ಹಾಡುವುದಿಲ್ಲ ಎಂದೆ. ಹತ್ತು ದಿನ ಅದನ್ನೇ ಅಂದೆ. ಕಾರ್ಯಕ್ರಮದ ಬೆಳಿಗ್ಗೆ ಅವರು ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತರು. ರಜೆ ಹಾಕಿದ ದಿನ ಮದ್ದಿನ ಹತ್ತಿರ ಹೋಗುವುದಿಲ್ಲವಲ್ಲ ಎಂಬ ಒಂದೇ ಧೈರ್ಯದ ಮೇಲೆ ಹೊರಟೆ.

ಚಿತ್ತಾಪುರದ ಸಭಾಂಗಣ ಸಂಜೆ ನಾಲ್ಕಕ್ಕೇ ತುಂಬಿತ್ತು. ಚಿಂಚೋಳಿಯವರು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹಾಡಿದರು, ಶಹಾಬಾದಿನವರು ನೆಲಕ್ಕೆ ಹಾಸುವ ಫರಸಿ ಕಲ್ಲಿನ ತುಂಡುಗಳನ್ನೇ ಬಾರಿಸಿ ತಾಳ ಹಾಕಿದರು. ನಮ್ಮ ಪಾಳಿ ಬಂತು. ನನ್ನ ಗಂಡ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡು ಕುಳಿತಿದ್ದರು. ಹಾಗೆ ಅಲ್ಲಾಡದೆ ಕುಳಿತದ್ದನ್ನು ನೋಡಿ ನನಗೆ ತೆಂಗಳಿಯ ಪಡಸಾಲೆ ಕಂಡಿತು. ಮಾಸ್ತರು ಹಾರ್ಮೋನಿಯಂ ಮೇಲೆ ಧಾಟಿ ನುಡಿಸಿದ ಕೂಡಲೇ ಸಾಲಿನ ತುದಿಯಲ್ಲಿದ್ದ ನಾಲ್ಕೈದು ಮುದುಕಿಯರು ಒಟ್ಟಿಗೇ ಸೆರಗು ತಲೆಗೆ ಎಳೆದುಕೊಂಡರು. ಅದೇ ಹೊತ್ತಿಗೆ ಯಾರೋ ದೊಡ್ಡ ದೀಪವನ್ನು ನನ್ನ ಮುಖಕ್ಕೆ ತಿರುಗಿಸಿದರು.

ಎದುರಿಗೆ ಏನೂ ಕಾಣದಾಯಿತು. ಕುರ್ಚಿಗಳಿಲ್ಲ, ಜನರಿಲ್ಲ, ಅವರಿಲ್ಲ, ಬರೀ ಕತ್ತಲೆ. ಮಾಸ್ತರು ಧಾಟಿಯನ್ನು ಎರಡನೆಯ ಸಲ ನುಡಿಸಿದರು. ಕಣ್ಣು ಮುಚ್ಚಿಕೊಂಡು ಶುರುಮಾಡಿದೆ. ಹೊತ್ತು ಮುಳುಗತದ, ಬಾರೋ ನನ ರಾಯಾ. ಬಡದಿಟ್ಟ ರೊಟ್ಟಿ ಆರ್ಯಾವ, ಬಾ. ಅಲ್ಲಿಗೆ ದನಿ ನಿಂತಿತು. ಮುಂದಿನ ಸಾಲು ಗೊತ್ತಿತ್ತು, ಬಾಯಿ ಏಳಲಿಲ್ಲ. ಹಾರ್ಮೋನಿಯಂ ಕೂಡ ನಿಂತಿತು. ಸಭೆಯಲ್ಲಿ ಯಾರೋ ಕೆಮ್ಮಿದರು.

"ಓ," ಎಂದರು ಕತ್ತಲೆಯೊಳಗಿನಿಂದ ನನ್ನ ಗಂಡ. ಅಂಗಳದಿಂದ ಕರೆದಾಗ ಹಿತ್ತಲಿನಿಂದ ಓಗೊಡುವ ಸಾದಾ ದನಿಯಲ್ಲೇ ಅಂದರು.

ಯಾರೋ ನಕ್ಕರು. ನನಗೆ ನಗು ಬರಲಿಲ್ಲ. ಆಯಿಯ ಜೊತೆ ಅಷ್ಟು ಮನೆಗಳಿಗೆ ಹೋಗಿದ್ದೆ. ಅವಳು ಅಷ್ಟು ಸಲ ಬಾ ಎಂದು ಕರೆದಿದ್ದಳು, ಒಬ್ಬರೂ ಓ ಅಂದದ್ದು ನಾನು ಕೇಳಿರಲಿಲ್ಲ. ನಾಳೆ ಅವರು ಮತ್ತೆ ಗಣಿಗೆ ಹೋಗುತ್ತಾರೆಂದು ಗೊತ್ತಿತ್ತು. ಉಸಿರು ಎಳೆದುಕೊಂಡು ಮುಂದಿನ ಸಾಲು ಎತ್ತಿಕೊಂಡೆ, ಮತ್ತೆ ಬಾ ಎಂದೆ, ಅವರ ದನಿ ಬರುವ ತನಕ ಅದಕ್ಕೂ ಮುಂದಿನ ಸಾಲಿಗೆ ಹೋಗಲಿಲ್ಲ.